ಗಂಗಿ ಕಟ್ಟಿದ ಕಾಯಿ

ಬೋಳುಗುಡ್ಡದ ಬುಡದಲ್ಲಿ ಒಂದು ಕಲ್ಲಿನ ತೊಟ್ಟಿ ಇದೆ. ಮೇಲಿನ ಕೊಳ್ಳದ ಒರತೆಯಿಂದ ಕರಿ ಪೈಪಿನಲ್ಲಿ ಇಳಿದು ಬರುವ ನೀರು ಅದಕ್ಕೆ ಬೀಳುತ್ತದೆ. ಮಳೆಗಾಲದಲ್ಲಿ ತೋಳು ದಪ್ಪ, ಮೇ ತಿಂಗಳಲ್ಲಿ ಹೆಬ್ಬೆರಳು ದಪ್ಪ, ಆದರೆ ನಿಲ್ಲುವುದಿಲ್ಲ. ಬೆಳಗಾದರೆ ಕೊಪ್ಪದ ಹೆಂಗಸರು ಅಲ್ಲಿ ಕೊಡ ಸಾಲಿಗಿಡುತ್ತಾರೆ. ಗೌಡರ ಮನೆಗಳ ಗುಂಪಿಗೆ ನಮ್ಮ ಕಡೆ ಕೊಪ್ಪ ಎನ್ನುತ್ತಾರೆ. ಬಾಳೆಗುಳಿ ಕ್ರಾಸಿನಿಂದ ಒಳಗೆ ಹೋದರೆ ಸಿಗುವ ಈ ಕೊಪ್ಪದಲ್ಲಿ ಮೂವತ್ತೆರಡು ಮನೆ.

ಗಂಗಿ ಕೊಡ ಹಿಡಿದು ತೊಟ್ಟಿಯ ಹತ್ತಿರ ಬಂದಳೆಂದರೆ ಒಬ್ಬಳು ಹೆಂಗಸು ತನ್ನ ಕೊಡ ಎತ್ತಿಕೊಂಡು ಹೊರಡುತ್ತಿದ್ದಳು. ಅರ್ಧ ತುಂಬಿರಲಿ, ಕಾಲುಭಾಗ ತುಂಬಿರಲಿ, ಸೊಂಟಕ್ಕೇರಿಸಿ ನಡೆದುಬಿಡುವುದು. ಬೈಗುಳವಿಲ್ಲ, ಮುಖ ತಿರುಗಿಸುವ ಆಟವಿಲ್ಲ. ಗಂಗಿ ನೀರು ತೆಗೆದುಕೊಂಡು ಹೋದ ಮೇಲೆ ಮತ್ತೆ ಬಂದು ಉಳಿದದ್ದನ್ನು ತುಂಬಿಸಿಕೊಳ್ಳುತ್ತಿದ್ದಳು. ಅವಳು ನಾಗಮ್ಮ, ಗಂಗಿಯ ಸ್ವಂತ ಅಣ್ಣ ಬೊಮ್ಮಯ್ಯನ ಹೆಂಡತಿ. ಮೊದಲು ಬಾವಿಯ ಹತ್ತಿರ, ತೊಟ್ಟಿ ಬಂದ ಮೇಲೆ ಇಲ್ಲಿ, ಒಂಬತ್ತು ವರ್ಷ ಇದು ಹೀಗೇ ನಡೆಯಿತು.

ಆ ತೊಟ್ಟಿಗೆ ನೀರು ಬಂದದ್ದೇ ಗಂಗಿಯಿಂದ ಎಂದು ಕೊಪ್ಪದ ಸಣ್ಣ ಮಕ್ಕಳೂ ಹೇಳುತ್ತಾರೆ. ನಾಗಮ್ಮನೂ ಅಲ್ಲವೆನ್ನುವುದಿಲ್ಲ.

ನನಗೆ ಗಂಗಿಯ ಪರಿಚಯವಾದದ್ದು ಮುರುಗಲಿನಿಂದ. ಬೇಸಿಗೆಯಲ್ಲಿ ಅವಳು ಕ್ರಾಸಿನ ಬಸ್ ನಿಲ್ಲುವ ಜಾಗದಲ್ಲಿ ಪಾನಕಕ್ಕೆ ಹಾಕುವ ಒಣ ಮುರುಗಲು ಸಿಪ್ಪೆ ಹರಡಿಕೊಂಡು ಕೂರುತ್ತಾಳೆ. ಅಂಕೋಲೆಯ ಬಸ್ಸಿಗೆ ಕಾಯುವಾಗ ನಾನು ಅವಳ ಬದಿಗೆ ಕೂತು ಮಾತು ಕೇಳುತ್ತಿದ್ದೆ. ಅವಳು ಕೇಳಿದ್ದಕ್ಕೆ ಉತ್ತರ ಕೊಡುವವಳಲ್ಲ. ಸುಮ್ಮನೆ ಕೂತರೆ ತಾನೇ ಹೇಳುತ್ತಾಳೆ. ಬಸ್ಸು ಎರಡು ಹೋಗಲಿ ಎಂದು ಬಿಟ್ಟದ್ದೂ ಉಂಟು. ಕೆಳಗೆ ಬರೆದದ್ದರಲ್ಲಿ ಹೆಚ್ಚಿನದು ಹಾಗೆ ಕೇಳಿದ್ದು. ಕೊನೆಯದನ್ನು ಮಾತ್ರ ಕಣ್ಣಾರೆ ನೋಡಿದೆ.

ಗಂಗಿಗೆ ಈಗ ಅರವತ್ತೈದರ ಹತ್ತಿರ. ಇಪ್ಪತ್ತೆರಡನೆಯ ವಯಸ್ಸಿಗೆ ಗಂಡ ಹೊಳೆಯಲ್ಲಿ ಹೋದ. ಮಕ್ಕಳಿರಲಿಲ್ಲ. ಗಂಡನ ಮನೆಯವರು ಹೋಗು ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ. ಬೊಮ್ಮಯ್ಯ ಹೋಗಿ ಕರೆದುಕೊಂಡು ಬಂದು ತನ್ನ ಅಂಗಳದ ಆಚೆ ಬದಿಗೆ ಒಂದು ಕೋಣೆ, ಒಂದು ಜಗಲಿ ಕಟ್ಟಿಸಿಕೊಟ್ಟ. ಆಗಷ್ಟೇ ಮದುವೆಯಾಗಿ ಬಂದಿದ್ದ ನಾಗಮ್ಮ ಮಣ್ಣು ಕಲಸಿ ಗೋಡೆ ಮೆತ್ತಿದಳು. "ಅತ್ತಿಗೆ ಕೈಯ ಬೆರಳು ಇನ್ನೂ ನನ್ನ ಗೋಡೆ ಮೇಲದೆ ಬಾಯಿ" ಎಂದು ಗಂಗಿ ಒಮ್ಮೆ ಹೇಳಿದಳು. ನನ್ನಂಥ ಹೆಂಗಸರನ್ನು ಅವಳು ಬಾಯಿ ಎಂದೇ ಕರೆಯುವುದು.

ಬೋಳುಗುಡ್ಡ ಅವಳು ಸಣ್ಣವಳಿದ್ದಾಗ ಬೋಳಾಗಿರಲಿಲ್ಲವಂತೆ. ಆಮೇಲೆ ಅಂಕೋಲೆಯ ಹೋಟೆಲುಗಳಿಗೆ, ಹಂಚಿನ ಭಟ್ಟಿಗಳಿಗೆ ಕಟ್ಟಿಗೆ ಹೋಯಿತು. ಹೊತ್ತವರು ಕೊಪ್ಪದವರೇ. ಮರ ಮುಗಿದ ಮೇಲೆ ಸರ್ಕಾರದವರು ಅಕೇಶಿಯಾ ನೆಟ್ಟರು. ಅದು ಬೆಳೆದ ಮೇಲೆ ಲಾರಿ ಬಂದು ಕಡಿದು ಒಯ್ದಿತು. ಉಳಿದದ್ದು ಕೆಂಪು ಕಲ್ಲು, ಕರಡದ ಹುಲ್ಲು, ಕೊಳ್ಳದ ತಲೆಯಲ್ಲಿ ಒಂದು ಹಳೆಯ ಕಾಡುಮಾವು. ಅದು ಅಪ್ಪೆ ಮಾವು. ಅದರ ಮಿಡಿ ಉಪ್ಪಿನಕಾಯಿಗೆ ಹಾಕಿದರೆ ನಾಲ್ಕು ವರ್ಷ ಕೆಡುವುದಿಲ್ಲ ಎಂಬ ಕಾರಣಕ್ಕೆ ಯಾರೂ ಕಡಿದಿರಲಿಲ್ಲ. ಬೊಮ್ಮಯ್ಯ ಪ್ರತಿವರ್ಷ ಹತ್ತಿ ಮಿಡಿ ಇಳಿಸಿ ಮೂವತ್ತೆರಡು ಮನೆಗೂ ಹಂಚುತ್ತಿದ್ದ.

ಗುಡ್ಡ ಬೋಳಾದ ಮೇಲೆ ಬಾವಿ ಶಿವರಾತ್ರಿಗೇ ಬತ್ತತೊಡಗಿತು. ಗದ್ದೆಯ ಅಂಚಿನಲ್ಲಿ ಗುಂಡಿ ತೋಡಿದರೆ ಉಪ್ಪು ನೀರು. ಹೆದ್ದಾರಿ ಬದಿಯ ಹೋಟೆಲಿನ ನಲ್ಲಿಗೆ ಹೋದರೆ ಬೈಗುಳ. ಹೀಗಿರುವಾಗ 2012ರ ಕಾರ್ತಿಕದಲ್ಲಿ ಶಿವಾನಂದ ಎಂಬ ಫಾರೆಸ್ಟರ್ ಬಂದ. ಕಾರವಾರದ ಹಬ್ಬುವಾಡದವನು, ಮೆತ್ತಗಿನ ಮನುಷ್ಯ. ಗ್ರಾಮ ಅರಣ್ಯ ಸಮಿತಿ ಮಾಡೋಣ, ಗುಡ್ಡ ನೀವೇ ಕಾಯಿರಿ, ನೀವೇ ಬೆಳೆಸಿರಿ, ಫಲ ನಿಮಗೇ ಎಂದ. ಗುಡ್ಡದ ಬುಡದ ಜಟಗನ ಕಲ್ಲಿನ ಮುಂದೆ ಸಭೆ ಸೇರಿತು. ಜಟಗ ಅಂದರೆ ಗಡಿ ಕಾಯುವ ದೇವರು. ಗುಡಿಯಿಲ್ಲ, ಮರದ ಕೆಳಗೆ ಒಂದು ಕಲ್ಲು, ಅಷ್ಟೇ.

ಶಿವಾನಂದ ಕಾಗದ ಓದಿದ. ಹಸಿ ಮರ ಕಡಿಯುವಂತಿಲ್ಲ, ಬೆಂಕಿ ಹಾಕುವಂತಿಲ್ಲ, ದನ ಬಿಡುವಂತಿಲ್ಲ.

"ಸಾಹೇಬ್ರೆ, ಉಸಿರು ಬಿಡೂಕಾದ್ರೂ ಅದ್ರಲ್ಲಿ ಜಾಗ ಅದೆಯಾ?" ಎಂದ ಕಾಶಿ. ಕೊಪ್ಪದಲ್ಲಿ ನಾಲಿಗೆ ಉದ್ದ ಇದ್ದ ಮನುಷ್ಯ ಅವನೇ.

ಜನ ನಕ್ಕರು. ನಗು ನಿಂತ ಮೇಲೆ ಗಂಗಿ ಹಿಂದಿನ ಸಾಲಿನಿಂದ ಎದ್ದಳು. "ಕಾಗದಕ್ಕೆ ನಾವು ಯಾವತ್ತು ಹೆದ್ರಿದ್ದು? ಇವತ್ತು ಹೂಂ ಅನ್ನೂದು, ನಾಳೆ ಕತ್ತಿ ಹಿಡ್ಕಂಡು ಹತ್ತೂದು. ಗುಡ್ಡ ಉಳೀಬೇಕಂದ್ರೆ ಕಾಯಿ ಕಟ್ಟಿ."

ಸಭೆ ತಣ್ಣಗಾಯಿತು. ಹಲಸಿನ ಮರಕ್ಕೋ ತರಕಾರಿ ಹಿತ್ತಲಿಗೋ ಕಳ್ಳರ ಕಾಟವಾದರೆ ನಮ್ಮ ಕಡೆ ದೇವರ ಹೆಸರಿನಲ್ಲಿ ಒಂದು ತೆಂಗಿನಕಾಯಿ ಕಟ್ಟುವುದುಂಟು. ಅದನ್ನು ಬಿಚ್ಚುವ ತನಕ ಯಾರೂ ಮುಟ್ಟುವಂತಿಲ್ಲ, ಕಟ್ಟಿದವರೂ ಮುಟ್ಟುವಂತಿಲ್ಲ. ಒಂದು ಮರಕ್ಕೆ ಒಂದು ಹಂಗಾಮಿಗೆ ಕಟ್ಟುವುದು ಬೇರೆ. ಇಡೀ ಗುಡ್ಡಕ್ಕೆ ಕಟ್ಟಿದ್ದನ್ನು ಯಾರೂ ಕೇಳಿರಲಿಲ್ಲ. ಅದಕ್ಕೆ ಇಬ್ಬರು ಬೇಕು. ಮಾತು ಹೇಳುವವರು ಒಬ್ಬರು, ಕಟ್ಟುವವರು ಒಬ್ಬರು. ಬಿಚ್ಚುವಾಗಲೂ ಆ ಎರಡು ಮನೆಯವರೇ ಬೇಕು. ನಡುವೆ ಯಾರು ಬಂದು ಕೇಳಿದರೂ ಇಲ್ಲ ಅನ್ನುವ ಭಾರ ಕಟ್ಟಿದ ಕೈಯದು.

"ಮಾತು ನಾನು ಹೇಳ್ತೆ" ಎಂದ ಬೊಮ್ಮಯ್ಯ. "ಕಟ್ಟೂದು ನನ್ನ ತಂಗಿ. ಅವ್ಳ ಬಾಯಿಗೆ ಹುಲಿನೂ ಹೆದರ್ತದೆ. ಹನ್ನೆರಡು ವರ್ಷ. ಹಣ್ಣು ಹೆಕ್ಕಿ, ಬಿದ್ದ ದರಕೆಲೆ ಗುಡ್ಸಿ. ಹಸಿ ಕೊಂಬೆ ಒಂದೂ ಬೀಳೂಕಿಲ್ಲ."

ಕಾಶಿ ಬಿಡಬೇಕಲ್ಲ. "ಬೊಮ್ಮಯ್ಯಣ್ಣ, ನಡುವೆ ನೀ ಸತ್ರೆ? ಸುಡೂಕೆ ಮಾವಿನ ಕೊಂಬೆ ಬೇಕಲ್ಲ ಮಾರಾಯ?"

"ನನ್ನ ಸುಡೂಕೂ ಬೇಡ. ತೆಂಗಿನ ಮಡ್ಲಲ್ಲೇ ಸುಡಿ. ಒಣ ಮಡ್ಲಾದ್ರೆ ಬೇಗ ಬೇಯ್ತೆ."

ಎಲ್ಲರೂ ನಕ್ಕರು. ನಾಗಮ್ಮ ಸೆರಗು ಬಾಯಿಗೆ ಇಟ್ಟು, "ಇವ್ರಿಗೊಂದು ಬಾಯಿ" ಎಂದು ತಾನೂ ನಕ್ಕಳು. ಶಿವಾನಂದನೂ ನಕ್ಕ. ಗಂಗಿ ನಗಲಿಲ್ಲ. ಅವಳು ಕೆಂಪು ಬಟ್ಟೆಯಲ್ಲಿ ಕಾಯಿ ಸುತ್ತಿ, ನಾರಿನ ಹಗ್ಗ ಹೊಸೆದು, ಅಣ್ಣನ ಒಂದೊಂದು ಮಾತಿಗೂ ಒಂದೊಂದು ಗಂಟು ಹಾಕುತ್ತಿದ್ದಳು.

ಆಮೇಲಿನದು ಕೆಲಸದ ವರ್ಷಗಳು. ಗಿಡ ನೆಡುವುದಕ್ಕಿಂತ ಕಾಯುವುದೇ ಹೆಚ್ಚು ಎಂದು ಶಿವಾನಂದ ಹೇಳಿದ್ದ. ಮೊದಲ ಮಳೆಗೇ ಅದು ನಿಜವೆಂದು ಕಂಡಿತು. ಕಡಿದ ಮತ್ತಿ, ಹೊನ್ನೆ, ನೇರಳೆಗಳ ಬುಡ ಕಲ್ಲಿನ ಸಂದಿಯಲ್ಲಿ ಸತ್ತಿರಲಿಲ್ಲ, ಚಿಗುರು ಕೊಟ್ಟವು. ಪ್ರತಿವರ್ಷ ಕತ್ತಿ ತಿಂದು ತಿಂದು ಕುಳ್ಳಾಗಿ ಉಳಿದಿದ್ದವು, ಅಷ್ಟೇ. ಹೆಂಗಸರು ಪಾಳಿಯ ಮೇಲೆ ದಿನಕ್ಕಿಬ್ಬರು ಗುಡ್ಡ ಸುತ್ತಿದರು. ಜೂನಿನ ಮಿರ್ಗದ ಮಳೆಗೆ ಮುರುಗಲು ಬೀಜ, ಹಲಸಿನ ಬೀಜ ಊರಿದರು. ಕೊಳ್ಳಕ್ಕೆ ಅಡ್ಡಲಾಗಿ ಮಂಡಿಯೆತ್ತರದ ಕಲ್ಲಿನ ಒಡ್ಡು ಹಾಕಿದರು. ಓಡುವ ನೀರು ನಡೆಯುವಂತಾಗಲಿ ಎಂದು. ಬೇಸಿಗೆಗೆ ಮೊದಲು ಸುತ್ತಲೂ ಎರಡು ಮಾರು ಅಗಲ ಉದುರಿದೆಲೆಯ ದರಕು ಗುಡಿಸಿ ಬೆಂಕಿಗೆ ಗೆರೆ ಹಾಕಿದರು.

ಗಂಗಿಗೆ ಪಾಳಿಯಿರಲಿಲ್ಲ. ಅವಳು ದಿನಾ ಹೋಗುತ್ತಿದ್ದಳು. "ಗಂಗಿ ಬಂದ್ಲು, ಕತ್ತಿ ಅಡಗ್ಸಿ" ಎನ್ನುವುದು ಕೊಪ್ಪದ ತಮಾಷೆಯಾಯಿತು. ನೇಗಿಲಿಗೆ ಒಂದು ಹಿಡಿ ಮರ ಕೇಳಿದವನಿಗೆ ಇಲ್ಲ ಅಂದಳು. ಮದುವೆ ಚಪ್ಪರಕ್ಕೆ ಕಂಬ ಕೇಳಿದವರಿಗೆ ಇಲ್ಲ ಅಂದಳು. ಒಲೆಗೆ ತೆಂಗಿನ ಒಣಗರಿಯ ಮಡ್ಲು, ಚಿಪ್ಪು, ನಾರಿನ ಕತ್ತ ಉರಿಸಲು ಎಲ್ಲರೂ ಕಲಿತರು. ಮನೆಮನೆಯ ಹಿಂದಿದ್ದ ಕಟ್ಟಿಗೆ ಕೊಟ್ಟಿಗೆಗಳು ಖಾಲಿಯಾದವು. ಅದನ್ನು ಆಗ ಎಲ್ಲರೂ ಹೆಮ್ಮೆಯಿಂದ ಹೇಳಿಕೊಂಡರು.

2015ರ ಆಷಾಢದಲ್ಲಿ ನಾಟಿ ಗದ್ದೆಯಲ್ಲಿ ಬೊಮ್ಮಯ್ಯ ಎದೆ ಹಿಡಿದುಕೊಂಡು ಕೆಸರಿಗೆ ಕೂತ. ಹೊತ್ತು ಬಾಳೆಗುಳಿಗೆ ತರುವಷ್ಟರಲ್ಲಿ ಮುಗಿದಿತ್ತು. ಮೂರು ದಿನದಿಂದ ಬಿಡದ ಮಳೆ. ಗದ್ದೆ, ದಾರಿ, ಹಳ್ಳ ಒಂದೇ ಆಗಿತ್ತು.

ಸಾವಾದರೆ ಮನೆಗೊಂದು ಕಟ್ಟಿಗೆ ತರುವುದು ಕೊಪ್ಪದ ಪದ್ಧತಿ. ಚಿತೆಯ ಮೇಲೆ ಮಾವಿನ ಕಟ್ಟಿಗೆ ಇರಬೇಕು. ಅಂದು ಮೂವತ್ತೆರಡು ಮನೆಯಿಂದ ಬಂದದ್ದು ಮಡ್ಲು, ಚಿಪ್ಪು, ತೊಯ್ದ ಕತ್ತ, ಯಾರೋ ಬಿಚ್ಚಿ ತಂದ ಹಟ್ಟಿಯ ಹಳೆ ಹಲಗೆ. ಮಾವಿನ ಮರ ಯಾರ ಹಿತ್ತಲಲ್ಲೂ ಇರಲಿಲ್ಲ. ಇದ್ದದ್ದು ಗುಡ್ಡದ ಮೇಲೆ.

ಬೊಮ್ಮಯ್ಯನ ಮಗ ಕುಮಾರ ಗೋವೆಯಲ್ಲಿ ಕೂಲಿಗಿದ್ದ. ಸುದ್ದಿ ಕೇಳಿ ಬಂದವನು ಕೊಡಲಿ ಹಿಡಿದು ಮಳೆಯಲ್ಲೇ ಗುಡ್ಡ ಹತ್ತಿದ. ಗಂಗಿ ಅವನಿಗಿಂತ ಮೊದಲು ಹೋಗಿ ಮಾವಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ಅತ್ತೆ, ಬದಿಗೆ ಸರಿ. ಒಂದೇ ಕೊಂಬೆ."

"ಅವ್ನೇ ಹೇಳಿದ್ದು ಕುಮಾರ. ಎಲ್ರ ಎದ್ರಿಗೆ, ಜಟಗನ ಎದ್ರಿಗೆ. ನನ್ನ ಸುಡೂಕೂ ಬೇಡ ಅಂತ."

"ಅದು ನಗೆಚಾಟಿಕೆ ಮಾತು ಅತ್ತೆ!"

"ಕಾಯಿ ಕಟ್ಟುವಾಗ ಎಂತ ನಗೆಚಾಟಿಕೆ? ಒಂದೊಂದು ಮಾತಿಗೂ ಗಂಟು ಹಾಕಿದ್ದೆ ನಾನು. ಇವತ್ತು ಅವ್ನಿಗೆ ಬಿಟ್ರೆ ನಾಳೆ ಯಾರಿಗೆ ಇಲ್ಲ ಅನ್ಲಿ? ಅವ್ನ ಮಾತು ಅವ್ನ ಹೆಣದ ಜತಿಗೆ ಸುಡೂದಾ?"

ಕುಮಾರ ಕೊಡಲಿ ಒಗೆದು ಅವಳ ಕಾಲು ಹಿಡಿದ. ಅವಳು ಕಾಲು ಎಳೆದುಕೊಳ್ಳಲಿಲ್ಲ, ಮರ ಬಿಟ್ಟು ಸರಿಯಲೂ ಇಲ್ಲ. ಹೀಗೆ ಎಷ್ಟು ಹೊತ್ತು ನಿಂತಿದ್ದರೋ ಅವಳಿಗೆ ನೆನಪಿಲ್ಲ. ಕೆಳಗಿನಿಂದ ಯಾರೋ ಕೂಗಿ, ಹೆದ್ದಾರಿ ಬದಿಯ ಮಿಲ್ಲಿನಿಂದ ನಾಲ್ಕು ತುಂಡು ಅಕೇಶಿಯಾ ತಂದಿದ್ದಾರೆ ಎಂದಾಗ ಕುಮಾರ ಎದ್ದು ಹೋದ.

ಅಕೇಶಿಯಾ ನೀರು ಕುಡಿದಿತ್ತು. ಮಡ್ಲು ಭಗ್ಗೆಂದು ಉರಿದು ನಿಮಿಷದಲ್ಲಿ ಬೂದಿಯಾಯಿತು. ಸಂಜೆಗೆ ಮಳೆ ಜೋರಾಗಿ ಬೆಂಕಿ ಆರಿತು. ಅರ್ಧ ಬೆಂದ ದೇಹವನ್ನು ಬಿಟ್ಟು ಬರುವಂತಿಲ್ಲ. ಮರುದಿನ ಸೀಮೆಎಣ್ಣೆ ತಂದರು. ಅದೂ ಸಾಲದೆ ಪಂಕ್ಚರ್ ಅಂಗಡಿಯ ಹಿಂದೆ ಬಿದ್ದಿದ್ದ ಎರಡು ಲಾರಿ ಟಾಯರು ಉರುಳಿಸಿಕೊಂಡು ಬಂದರು. ಆ ಕಪ್ಪು ಹೊಗೆ ಮಳೆಯಲ್ಲಿ ಮೇಲೇರದೆ ಕೊಪ್ಪದ ಹಂಚುಗಳ ಮೇಲೆಯೇ ಕೂತಿತು. ನಾಗಮ್ಮ ಅಂಗಳದಲ್ಲಿ ನಿಂತು ನೋಡಿದಳು. ಒಳಗೆ ಬಾ ಎಂದರೂ ಬರಲಿಲ್ಲ.

ಮೂರನೆಯ ದಿನ ಅವಳು ಅಂಗಳ ದಾಟಿ ಗಂಗಿಯ ಬಾಗಿಲಿಗೆ ಬಂದಳು. "ನಿನ್ನ ಅಣ್ಣನ್ನ ಟಾಯರಲ್ಲಿ ಸುಟ್ಟೆ ನೀನು, ಗಂಗಿ" ಎಂದಳು. ಒಂಬತ್ತು ವರ್ಷದಲ್ಲಿ ಅವಳು ಗಂಗಿಯೊಡನೆ ಆಡಿದ ಮಾತು ಅದೊಂದೇ.

ಅದಾಗಿ ಎರಡು ವರ್ಷಕ್ಕೆ ಗುಡ್ಡ ಕೊಡತೊಡಗಿತು. ಮೊದಲು ಕೊಳ್ಳದ ತಲೆಯಲ್ಲಿ, ಆ ಮಾವಿನ ಬೇರಿನ ಸಂದಿಯಲ್ಲಿ, ಶಿವರಾತ್ರಿ ಕಳೆದರೂ ಮಣ್ಣು ಒದ್ದೆಯಾಗೇ ಇತ್ತು. ಮುಂದಿನ ವರ್ಷ ಅಲ್ಲಿ ನೀರು ತೊಟ್ಟಿಕ್ಕಿತು. ಅದರ ಮುಂದಿನ ವರ್ಷ ಹರಿಯಿತು. ಪೈಪು ಹಾಕಿ ತೊಟ್ಟಿ ಕಟ್ಟಿದರು. ಬಾವಿಯಲ್ಲಿ ಮೇ ತಿಂಗಳಿಗೂ ನೀರು ನಿಂತಿತು. ಭತ್ತ ಕೊಯ್ದ ಗದ್ದೆಯಲ್ಲಿ ಶೇಂಗಾ, ಹರಿವೆ, ಬದನೆ ಹಾಕಿದರು. ದರಕು ಗೊಬ್ಬರವಾಯಿತು. ಮುರುಗಲು ಕಾಯಿ ಬಿಟ್ಟು ಹೆಂಗಸರ ಕೈಗೆ ಸ್ವಂತ ದುಡಿಮೆ ಬಂತು. ಗೋವೆಗೆ ಕೂಲಿಗೆ ಹೋಗಿದ್ದವರಲ್ಲಿ ಐದಾರು ಜನ ತಿರುಗಿ ಬಂದರು. ಕುಮಾರನೂ ಬಂದ. ಎಲ್ಲರಿಗಿಂತ ತಗ್ಗಿನಲ್ಲಿದ್ದದ್ದು ನಾಗಮ್ಮನ ಗದ್ದೆ. ಗುಡ್ಡದ ತೇವ ಎಲ್ಲವೂ ಇಳಿದು ಕೊನೆಗೆ ಅಲ್ಲಿಗೇ ಬರುತ್ತದೆ. ಕೊಪ್ಪದಲ್ಲಿ ಒಳ್ಳೆಯ ಶೇಂಗಾ ಅವಳದ್ದೇ.

2024ರ ಮಳೆಗಾಲದಲ್ಲಿ ಶಿರೂರಿನ ಗುಡ್ಡ ಜಾರಿ ಹೆದ್ದಾರಿಯ ಮೇಲೆ ಬಿತ್ತಲ್ಲ, ಆಗ ನಮ್ಮ ಸೀಮೆಯಲ್ಲಿ ಗುಡ್ಡದ ಬುಡದಲ್ಲಿದ್ದ ಯಾರಿಗೂ ನಿದ್ದೆಯಿರಲಿಲ್ಲ. ನಾನೂ ದೇವರ ಮುಂದೆ ದೀಪ ಆರದಂತೆ ನೋಡಿಕೊಂಡು ಕೂತಿದ್ದೆ. ಬೋಳುಗುಡ್ಡದ ಆಚೆಯ ಮರವಿಲ್ಲದ ದಿಬ್ಬ ಕೆಂಪು ರಾಡಿಯಾಗಿ ಗದ್ದೆಗೆ ಇಳಿಯಿತು. ಬೋಳುಗುಡ್ಡದಿಂದ ಬಂದದ್ದು ತಿಳಿನೀರು. "ಜಟಗ ಹಿಡ್ಕಂಡ" ಎಂದ ಕಾಶಿ. ಹಿಡಿದದ್ದು ಬೇರು ಎಂದು ಅವನಿಗೂ ಗೊತ್ತು.

ಜೀಪುಗಳಲ್ಲಿ ಜನ ನೋಡಲು ಬಂದರು. ಗಂಗಿಯನ್ನು ಕಾರವಾರಕ್ಕೆ ಕರೆದೊಯ್ದು ಶಾಲು ಹೊದಿಸಿದರು. ಆ ಶಾಲನ್ನು ಅವಳು ಕ್ರಾಸಿನಲ್ಲಿ ಮುರುಗಲು ಸಿಪ್ಪೆಗೆ ಧೂಳು ಬೀಳದಂತೆ ಮುಚ್ಚುತ್ತಾಳೆ. ಸಭೆಯಲ್ಲಿ ಅವಳಿಗೆ ಮಾತಾಡಲು ಹೇಳಿದರಂತೆ. "ನೀರಾಯ್ತು" ಎಂದು ಹೇಳಿ ಕೂತಳಂತೆ. ಚಪ್ಪಾಳೆ ಹೊಡೆದರಂತೆ.

"ಅವ್ರಿಗೆ ಎಂತ ಹೇಳೂದು ಬಾಯಿ? ನಂಗೆ ಮನೆ ಕಟ್ಟಿಕೊಟ್ಟವ್ನಿಗೆ ಒಂದು ಕೊಂಬೆ ಕೊಡ್ಲಿಲ್ಲ ಅಂತ ಹೇಳೂದಾ?"

ಆ ವರ್ಷದ ಕಾರ್ತಿಕಕ್ಕೆ ಹನ್ನೆರಡು ವರ್ಷ ತುಂಬುತ್ತಿತ್ತು. ಕೊಪ್ಪಕ್ಕೆ ಕಾಯಿ ಬಿಚ್ಚಬೇಕಿತ್ತು. ಇನ್ನು ಮೇಲೆ ಹದ ನೋಡಿ, ಪಾಳಿ ಮಾಡಿ, ಒಣಗಿದ್ದು ಬಾಗಿದ್ದು ತೆಗೆದುಕೊಳ್ಳುವ ಯೋಚನೆ. ಗಂಗಿಗೆ ಬೇಕಾದದ್ದು ಬೇರೆ. ಬಿಚ್ಚಲು ಮಾತು ಹೇಳಿದ ಮನೆ ಬರಬೇಕು. ನಾಗಮ್ಮ ಬರಬೇಕು. ಬಂದರೆ ಬದಿಗೆ ನಿಲ್ಲುತ್ತಾಳೆ. ನಿಂತರೆ ಒಂದು ಮಾತಾದರೂ ಆಡಿಯಾಳು. ಈ ಆಸೆಯನ್ನು ಅವಳು ಹನ್ನೆರಡು ವರ್ಷದಲ್ಲಿ ಒಂಬತ್ತು ವರ್ಷ ಸಾಕಿದ್ದಳು.

ನವರಾತ್ರಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅವಳು ಅಂಗಳ ದಾಟಿದಳು. ನಾಗಮ್ಮ ಜಗಲಿಯಲ್ಲಿ ಹರಿವೆ ಸೊಪ್ಪಿನ ಕಟ್ಟು ಕಟ್ಟುತ್ತಿದ್ದಳು.

"ಅತ್ತಿಗೆ."

ನಾಗಮ್ಮ ಬಾಳೆನಾರು ಸೀಳುತ್ತಲೇ ಇದ್ದಳು.

"ಕಾರ್ತಿಕಕ್ಕೆ ಕಾಯಿ ಬಿಚ್ಚೂದು. ನಿಮ್ಮ ಮನೆ ಬೇಕು."

"ಕುಮಾರ ಬತ್ತ."

ಒಂಬತ್ತು ವರ್ಷದ ಮೇಲೆ ಬಂದ ಎರಡು ಶಬ್ದ. ಗಂಗಿ ಅಷ್ಟಕ್ಕೇ ಜಗಲಿಯ ಅಂಚಿಗೆ ಕೂತಳಂತೆ.

"ಕುಮಾರ ಆ ದಿನ ಇರ್ಲಿಲ್ಲ. ಮಾತು ಹೇಳುವಾಗ ಬದಿಗಿದ್ದವಳು ನೀನು."

ನಾಗಮ್ಮ ಸೊಪ್ಪು ಕೆಳಗಿಟ್ಟು ಮೊದಲ ಬಾರಿ ಮುಖ ನೋಡಿದಳು. "ಬತ್ತೆ. ಬಿಟ್ಟೆ ಅಂತಲೂ ಹೇಳ್ತೆ. ಆದ್ರೆ ಮೊದ್ಲ ಕೊಡಲಿ ಕೊಳ್ಳದ ತಲೆಯ ಮಾವಿಗೆ. ಕೊಂಬೆಗಲ್ಲ, ಬುಡಕ್ಕೆ."

"ಅದು ನೀರಿನ ಬಾಯಿ ಅತ್ತಿಗೆ."

"ಗೊತ್ತದೆ. ದಿನಾ ಕುಡೀತೆ."

ಅದರ ಮರುದಿನ ಕ್ರಾಸಿನಲ್ಲಿ ಗಂಗಿ ನನ್ನನ್ನು ಕೇಳಿದಳು. "ನೀವು ದಿನಾ ದೇವ್ರಿಗೆ ದೀಪ ಹಚ್ಚೂರು. ಹೇಳಿ. ದೇವ್ರಿಗೆ ಕೊಟ್ಟ ಮಾತು ನಾ ಇಟ್ಕಂಡದ್ದಾ, ಇಲ್ಲ ನನ್ನ ಹಟ ಇಟ್ಕಂಡದ್ದಾ?" ಅವಳ ಕೈ ಹಿಡಿದುಕೊಂಡು ಕೂತೆ. ಬಸ್ಸು ಬಂತು, ಹೋಯಿತು.

ನಾಲ್ಕು ದಿನ ಕಳೆದು ಅವಳು ಹೂಂ ಅಂದಳು. ಕೊಪ್ಪ ರೊಚ್ಚಿಗೆದ್ದಿತು. ಜಟಗನ ಕಲ್ಲಿನ ಮುಂದೆ ಜನ ಸೇರಿದರು. ಶಿವಾನಂದ ಎಂದೋ ವರ್ಗವಾಗಿ ಹೋಗಿದ್ದ. ಹೊಸ ಫಾರೆಸ್ಟರಿಗೆ ಯಾರೂ ಸುದ್ದಿ ಮುಟ್ಟಿಸಲಿಲ್ಲ. ಮನೆಯ ಜಗಳ ಮನೆಯಲ್ಲೇ ಇರಲಿ ಎಂದು.

"ಒಂದು ಹೆಂಗಸಿನ ಸಿಟ್ಟಿಗೆ ಮೂವತ್ತೆರಡು ಮನೆಯ ನೀರು ತೆಗೀತ್ಯಾ ಗಂಗಿ?" ಎಂದ ಕಾಶಿ.

"ಮೂವತ್ತೆರಡು ಮನೆಯ ನೀರಿಗೆ ಒಂದು ಮನೆಯ ಹೆಣ ಟಾಯರಲ್ಲಿ ಬೆಂತಲ್ಲ ಕಾಶಣ್ಣ, ಆವಾಗ ನಿನ್ನ ಬಾಯಿ ಎಲ್ಲಿತ್ತು?"

ಕಾಶಿ ತಲೆ ಬಗ್ಗಿಸಿದ. ಅಂದಿನ ನಗೆಮಾತು ಎತ್ತಿದವನೇ ಅವನು.

ಕಾಯಿ ಬಿಚ್ಚುವ ದಿನ ನಾನೂ ಹೋಗಿದ್ದೆ. ಇಬ್ಬನಿ ಆರಿರಲಿಲ್ಲ. ಗಂಗಿ ಮಿಂದು ಬಂದು ಗಂಟು ಬಿಚ್ಚತೊಡಗಿದಳು. ಹಗ್ಗ ವರ್ಷ ವರ್ಷವೂ ಅವಳೇ ಹೊಸದು ಮಾಡುತ್ತಿದ್ದಳು. ಬೊಮ್ಮಯ್ಯನ ಮಾತಿನ ಗಂಟುಗಳನ್ನು ಅಷ್ಟೇ ಎಣಿಸಿ ಮತ್ತೆ ಹಾಕುತ್ತಿದ್ದಳು. ಬಿಚ್ಚಿದ ಕಾಯಿಯನ್ನು ಎರಡು ಕೈಯಲ್ಲಿ ಹಿಡಿದು ನಾಗಮ್ಮನ ಮುಂದೆ ನೀಡಿದಳು. ನಾಗಮ್ಮ ತೆಗೆದುಕೊಂಡಳು. ಬೆರಳಿಗೆ ಬೆರಳು ತಾಗದಂತೆ ತೆಗೆದುಕೊಂಡಳು.

"ನಮ್ಮ ಮನೆ ಮಾತು ಬಿಟ್ಟೆ" ಎಂದು ಕಲ್ಲಿಗೆ ಹೊಡೆದಳು. ಕಾಯಿ ಸದ್ದಿಲ್ಲದೆ ಬಿಚ್ಚಿಕೊಂಡಿತು. ಒಳಗೆ ಕೊಬ್ಬರಿಯಿರಲಿಲ್ಲ. ಹುಳು ತಿಂದು ಬಿಟ್ಟ ಕಂದು ಪುಡಿ ಇತ್ತು.

ಎಲ್ಲರೂ ಕೊಳ್ಳದ ಕಡೆ ನಡೆದೆವು. ಹನ್ನೆರಡು ವರ್ಷದ ಹಿಂದೆ ಕರಡ ಬೆಳೆಯುತ್ತಿದ್ದ ದಾರಿಯಲ್ಲಿ ಈಗ ಬಿಸಿಲು ಕೆಳಗೆ ಬೀಳುವುದಿಲ್ಲ. ಮಾವಿನ ಬುಡದಿಂದ ನೀರು ಗುಳುಗುಳು ಎಂದು ಹೊರಡುತ್ತಿತ್ತು. ಕೊಡಲಿಯನ್ನು ಗಂಗಿಯೇ ಹೊತ್ತು ತಂದಿದ್ದಳು. ಅದನ್ನು ಕುಮಾರನ ಕೈಗೆ ಕೊಟ್ಟು ಬದಿಗೆ ಸರಿದಳು. ಅಂದು ಸರಿಯದೇ ನಿಂತ ಅದೇ ಜಾಗದಿಂದ.

ಕುಮಾರ ತಾಯಿಯ ಮುಖ ನೋಡಿದ.

"ಹೊಡಿ" ಎಂದಳು ನಾಗಮ್ಮ.

ಒಂದು ಪೆಟ್ಟು ಬಿತ್ತು. ಸೊನೆಯ ವಾಸನೆ ಎದ್ದಿತು. ಎರಡನೆಯ ಪೆಟ್ಟಿಗೆ ಅಂಗೈ ಅಗಲದ ಚಕ್ಕೆ ಹಾರಿ ಒರತೆಯ ನೀರಿಗೆ ಬಿದ್ದು ತೇಲಿತು. ತೇಲುತ್ತಾ ಹೋಗಿ ಪೈಪಿನ ಬಾಯಿಗೆ ಅಡ್ಡವಾಯಿತು. ನಾಗಮ್ಮ ಅದನ್ನೇ ನೋಡುತ್ತಿದ್ದಳು. ಕುಮಾರ ಮೂರನೆಯ ಪೆಟ್ಟಿಗೆ ಕೊಡಲಿ ಎತ್ತಿದ.

"ಸಾಕು."

"ಆಯಿ?"

"ಸಾಕು ಅಂದೆ." ಅವಳು ಬಗ್ಗಿ ಚಕ್ಕೆಯನ್ನು ಪೈಪಿನ ಬಾಯಿಂದ ತೆಗೆದು ಆಚೆ ಇಟ್ಟಳು. ನೀರು ಮತ್ತೆ ಇಳಿಯಿತು.

ಗಂಗಿ ಒಂದು ಹೆಜ್ಜೆ ಮುಂದೆ ಬಂದಳು. "ಕಡೀಲಿ ಅತ್ತಿಗೆ. ನಾ ಮನಸಾರೆ ಹೂಂ ಅಂದದ್ದು."

"ನಿನ್ನ ಹೂಂ ಈಗ ಯಾರಿಗೆ ಬೇಕು?" ನಾಗಮ್ಮ ದನಿ ಎತ್ತಲಿಲ್ಲ. "ಅವ್ರು ಹೋಗಿ ಒಂಬತ್ತು ವರ್ಷ ಆಯ್ತು. ಆವತ್ತು ಕೇಳಿದ್ದು ಒಂದು ಕೊಂಬೆ. ಮರ ಅಲ್ಲ. ಇವತ್ತು ಮರ ಕೊಡ್ತೆ ಅಂತೆ ನೀನು. ಇದ್ನ ಕಡದ್ರೆ ನಾಳೆ ಕೊಡ ಹಿಡ್ಕಂಡು ನಾ ಎಲ್ಲಿ ಹೋಗ್ಲಿ? ನನ್ನ ಗದ್ದೆ ಎಂತ ಕುಡೀಲಿ? ಮಗ ಮತ್ತೆ ಗೋವೆ ಬಸ್ಸು ಹತ್ತೂದಾ?"

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ನಿನ್ನ ಗುಡ್ಡ ಒಳ್ಳೇದೇ ಆಯ್ತು ಗಂಗಿ. ಕೆಟ್ಟದ್ದಾಗಿದ್ರೆ ನಾ ಬೈದಾದ್ರೂ ಬದುಕ್ತಿದ್ದೆ. ಸಿಟ್ಟು ತೀರ್ಸೂಕೂ ಆಗದ ಹಂಗೆ ಮಾಡಿಟ್ಟೆ ನೀನು."

ಅಷ್ಟು ಹೇಳಿ ಅವಳು ಇಳಿದು ಹೋದಳು. ಕುಮಾರ ಕೊಡಲಿಯನ್ನು ಮರಕ್ಕೆ ಒರಗಿಸಿ ತಾಯಿಯ ಹಿಂದೆ ಹೋದ. ಒಬ್ಬೊಬ್ಬರೇ ಹೊರಟರು. ಗಂಗಿ ಒರತೆಯ ಬದಿಗೆ ಕೂತು, ಕೈಯಲ್ಲಿ ಕೆಸರು ತೆಗೆದು, ಮರದ ಗಾಯಕ್ಕೆ ಮೆತ್ತತೊಡಗಿದಳು. ನಾನೂ ಕೂತು ಕೆಸರು ತೆಗೆದುಕೊಟ್ಟೆ. ಹಿಂದೊಮ್ಮೆ ಅವಳ ಗೋಡೆಗೆ ಮಣ್ಣು ಮೆತ್ತಿದ ಕೈ ಯಾರದ್ದೆಂದು ನೆನಪಾಯಿತು.

ಆಮೇಲೆ ಸಮಿತಿಯಲ್ಲಿ ಗಂಗಿ ಒಂದೇ ಒಂದು ಮಾತು ಕೇಳಿ ನಡೆಸಿಕೊಂಡಳು. ಗುಡ್ಡದಿಂದ ಇಳಿಯುವ ಮೊದಲ ಒಣ ಕಟ್ಟಿಗೆ ಯಾರ ಮನೆಗೂ ಹೋಗಬಾರದು. ಜಟಗನ ಕಲ್ಲಿನ ಹಿಂದೆ ಹಂಚು ಹಾಕಿ ಒಂದು ಮಾಡು ಕಟ್ಟಿ ಅದರಲ್ಲಿ ಒಟ್ಟಬೇಕು. ಯಾರ ಮನೆಯಲ್ಲಿ ಸಾವಾದರೂ, ಎಂಥ ಮಳೆಯಿದ್ದರೂ, ಅಲ್ಲಿಂದ ತೆಗೆಯಬೇಕು. ಗಾಳಿಗೆ ಮುರಿದು ಬಿದ್ದ ಮಾವಿನ ಕೊಂಬೆಯೂ ಅದರಲ್ಲಿದೆ. ಈ ಮಳೆಗಾಲಕ್ಕೆ ಮೊದಲು ಮಾಡು ಮುಗಿಯಿತು. ಕುಮಾರ ಹಂಚು ಹೊದಿಸಲು ಬಂದ. ನಾಗಮ್ಮ ಬರಲಿಲ್ಲ.

"ನಿನಗೂ ಅದ್ರಲ್ಲಿ ಪಾಲು ಅದೆ ಬಿಡು ಗಂಗಿ" ಎಂದು ಕಾಶಿ ನಗಿಸಲು ನೋಡಿದ.

"ನಂಗೆ ಮಡ್ಲು ಸಾಕು" ಎಂದಳು ಅವಳು. ಯಾರೂ ನಗಲಿಲ್ಲ.

ಮೊನ್ನೆ ಮುರುಗಲು ಸಿಪ್ಪೆಗೆಂದು ಕೊಪ್ಪಕ್ಕೇ ಹೋಗಿದ್ದೆ. ಬೆಳಿಗ್ಗೆ ಬೇಗ. ಗಂಗಿ ತೊಟ್ಟಿಯಿಂದ ಇಪ್ಪತ್ತು ಮಾರು ಮೇಲೆ, ಮುರುಗಲು ಮರದ ಹಿಂದೆ, ಖಾಲಿ ಕೊಡ ಮಗುಚಿಟ್ಟುಕೊಂಡು ಕೂತಿದ್ದಳು. ನನ್ನನ್ನು ಕಂಡು ಬಾಯಿಗೆ ಬೆರಳಿಟ್ಟಳು. ಕೆಳಗೆ ನಾಗಮ್ಮ ಪೈಪಿನ ಬಾಯಿಗೆ ಕೊಡ ಹಿಡಿದಿದ್ದಳು. ಮೇ ತಿಂಗಳ ನೀರು, ನಿಧಾನ. ಕೊಡ ಕುತ್ತಿಗೆಯ ತನಕ ಬಂತು, ಬಾಯಿಯ ತನಕ ಬಂತು, ತುಳುಕಿತು. ನಾಗಮ್ಮ ಅವಸರ ಮಾಡಲಿಲ್ಲ. ಮೇಲಿನ ಮರದ ಕಡೆ ಒಮ್ಮೆಯೂ ನೋಡದೆ, ತುಂಬಿದ ಕೊಡವನ್ನು ಸೊಂಟಕ್ಕೇರಿಸಿ ಹೋದಳು.

ಅವಳು ತನ್ನ ಅಂಗಳ ಸೇರಿ, ಬಾಗಿಲು ದಾಟಿ ಒಳಗೆ ಹೋಗುವ ತನಕ ಕಾದು, ಗಂಗಿ ಮಂಡಿಗೆ ಕೈಯೂರಿ ಎದ್ದಳು.